ದುಬಾರಿ ಚುಚ್ಚುಮದ್ದಿಗೆ ಮುನ್ನ ಗಡ್ಡೆಯ ಪರೀಕ್ಷೆ



ಕಳೆದ ಬೇಸಿಗೆಯಲ್ಲಿ ದಂಪತಿಗಳಿಬ್ಬರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಪತಿಗೆ 42 ವರ್ಷ; ದೊಡ್ಡ ಕರುಳಿನ ಕ್ಯಾನ್ಸರ್ ಬೇರೆಡೆಗೂ ಹರಡಿತ್ತು. “ಹೊಸ ಇಂಜೆಕ್ಷನ್ ಬಂದಿದೆಯಂತೆ ಡಾಕ್ಟ್ರೇ, 2 ಎಕರೆ ಮಾರಿ ಹಾಕಿಸಿಬಿಡೋಣವೇ?” ಎಂದು ಪತ್ನಿ ಕೇಳಿದರು. ಮಾರುವ ಮುನ್ನ ಒಂದು ಪರೀಕ್ಷೆಯಾಗಲಿ ಎಂದೆನು.

ಆ ಚಿಕಿತ್ಸೆಗೆ ಇಮ್ಯುನೋಥೆರಪಿ ಎಂದು ಹೆಸರು. ರಕ್ತದ ಬಿಳಿಯ ಕಣಗಳು ಹೊಲದ ಕಾವಲುಗಾರರಿದ್ದಂತೆ. ಕ್ಯಾನ್ಸರ್ ಜೀವಕೋಶಗಳು ‘ನಾವೂ ಮನೆಯವರೇ’ ಎಂಬ ಸುಳ್ಳು ಗುರುತು ತೋರಿ ಅವುಗಳನ್ನು ತಡೆಯುತ್ತವೆ. ಔಷಧವು ಈ ತಡೆಯನ್ನು ನಿವಾರಿಸುತ್ತದೆ. ಇದರ ತತ್ತ್ವವನ್ನು ಕಂಡುಹಿಡಿದ ಅಮೆರಿಕೆಯ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ತಡೆ ನಿವಾರಣೆಯಾದರೂ ಕಾವಲುಗಾರನು ಕಳ್ಳನನ್ನು ಗುರುತಿಸಬೇಕಲ್ಲವೇ? ಜೀವಕೋಶವು ಇಬ್ಭಾಗವಾಗುವಾಗ ವಂಶವಾಹಿಯ ಬರಹವನ್ನು ನಕಲು ಮಾಡುತ್ತದೆ. ತಪ್ಪಾದರೆ ತಿದ್ದುವ ಏರ್ಪಾಡೂ ಅಲ್ಲಿಯೇ ಉಂಟು. ಕೆಲವು ಗಡ್ಡೆಗಳಲ್ಲಿ ಈ ಏರ್ಪಾಡೇ ಕೆಟ್ಟು, ತಪ್ಪುಗಳು ರಾಶಿಯಾಗಿ, ಗಡ್ಡೆಯು ಪರಕೀಯವೆಂದು ಎದ್ದು ಕಾಣುತ್ತದೆ. ಅಂಥದಕ್ಕೆ ಔಷಧವು ಚೆನ್ನಾಗಿ ನಾಟುತ್ತದೆ. 2017ರಲ್ಲಿ ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆಯು ಪೆಂಬ್ರೊಲಿಜುಮಾಬ್ ಎಂಬ ಔಷಧಕ್ಕೆ, ಗಡ್ಡೆಯು ಯಾವ ಅಂಗದ್ದೆಂದು ನೋಡದೆ ಈ ದೋಷವನ್ನೇ ನೋಡಿ ಅನುಮತಿ ನೀಡಿತು. ಆದರೆ ಹರಡಿದ ಕರುಳಿನ ಕ್ಯಾನ್ಸರಿನಲ್ಲಿ ಈ ದೋಷವಿರುವವರು 100ಕ್ಕೆ ಸುಮಾರು 5 ಮಂದಿ. ಉಳಿದವರಿಗೆ ಇದರಿಂದ ಪ್ರಯೋಜನ ಬಹು ವಿರಳ. ಹಣವೂ ಹೋಗುತ್ತದೆ, ಕಾಲವೂ ಹೋಗುತ್ತದೆ. ಶ್ವಾಸಕೋಶ ಮೊದಲಾದ ಕ್ಯಾನ್ಸರುಗಳಿಗೆ ನೋಡುವ ಗುರುತುಗಳು ಬೇರೆ ಇವೆ.

ಪರೀಕ್ಷೆಗಾಗಿ ಸಾಮಾನ್ಯವಾಗಿ ಮತ್ತೆ ಕೊಯ್ಯಬೇಕಿಲ್ಲ. ಮೊದಲು ತೆಗೆದ ಗಡ್ಡೆಯ ತುಣುಕನ್ನು ಮೇಣದ ಅಚ್ಚಿನಲ್ಲಿ ಕಾಪಾಡಿರುತ್ತಾರೆ. ಅದನ್ನು ‘ಬ್ಲಾಕ್’ ಎನ್ನುತ್ತಾರೆ. ಆಸ್ಪತ್ರೆಯ ಕಾಗದಗಳನ್ನು ಒಲೆಗೆ ಹಾಕದೆ ಇಟ್ಟುಕೊಂಡಿದ್ದರೆ ಬ್ಲಾಕ್ ಪಡೆಯುವುದು ಸುಲಭ. (ಹಾಕಿದವರನ್ನೂ ನಾನು ಬಲ್ಲೆ.)

ಈತನ ಗಡ್ಡೆಯಲ್ಲಿ ದೋಷವಿತ್ತು, ರಕ್ತಪರೀಕ್ಷೆಯಲ್ಲಿಯೂ ಕಂಡಿತು. ಎಂದರೆ ಅದು ಹುಟ್ಟಿನಿಂದಲೇ ಬಂದದ್ದು, ಲಿಂಚ್ ಸಿಂಡ್ರೋಮ್. ಇಂಥವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ದೋಷ ಬರುವ ಸಂಭವ ಅರ್ಧಕ್ಕರ್ಧ. ಅದಿದ್ದವರು 1–2 ವರ್ಷಕ್ಕೊಮ್ಮೆ ಕರುಳಿಗೆ ನಳಿಕೆ ಇಳಿಸಿ ನೋಡಿಸಿಕೊಳ್ಳಬೇಕು. ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರಿನ ಭಯವೂ ಹೆಚ್ಚು. ಇದು ಯಾರ ಪಾಪವೂ ಅಲ್ಲ, ಸೊಸೆಯ ಕಾಲ್ಗುಣವಂತೂ ಅಲ್ಲವೇ ಅಲ್ಲ.

ಆತನಿಗೆ ಈಗ ಚಿಕಿತ್ಸೆ ನಡೆಯುತ್ತಿದೆ. ಮೊನ್ನೆ ಆತನ ತಂಗಿ ಬಂದಿದ್ದರು. ಮುಟ್ಟಲ್ಲದ ದಿನಗಳಲ್ಲಿಯೂ 5 ತಿಂಗಳಿಂದ ರಕ್ತಸ್ರಾವವಂತೆ. ಸಂಕೋಚದಿಂದ ಗಂಡನಿಗೂ ಹೇಳಿರಲಿಲ್ಲ. ಅಣ್ಣನ ವರದಿಯನ್ನು ಲಗತ್ತಿಸಿ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದೇನೆ. ಗಂಡನೇ ಜೊತೆಯಲ್ಲಿ ಕರೆದೊಯ್ದಿದ್ದಾರೆ.