ವೈದ್ಯರ ಮುಂದೆ ಮುಚ್ಚಿಟ್ಟ ಮಾತು



ಮನೋವೈದ್ಯರ ಬಳಿಗೆ ಹೋದರೆ ಅವರು ನಮ್ಮ ನಡತೆಯನ್ನು ತೂಗಿನೋಡಿ, ‘ಇವನು ಇಂಥವನು’ ಎಂದು ಮನಸ್ಸಿನಲ್ಲಿಯೇ ತೀರ್ಪು ಕೊಟ್ಟುಬಿಡುವುದಿಲ್ಲವೆ ಎಂಬ ಅಳುಕನ್ನು ನಿಮ್ಮಲ್ಲಿ ಅನೇಕರು ಪದೇ ಪದೇ ತೋಡಿಕೊಂಡಿದ್ದೀರಿ. ಹಾಗೆ ತೀರ್ಪು ಕೊಡಕೂಡದೆಂಬುದೇ ನನ್ನ ಉತ್ತರ. ನಡತೆಯನ್ನು ಪರೀಕ್ಷಿಸದೆ ರೋಗನಿದಾನ ಸಾಧ್ಯವಿಲ್ಲ, ನಿಜ; ಆದರೆ ದೂಷಣೆ ಆ ಪರೀಕ್ಷೆಯ ಅಂಗವಲ್ಲ.

ಬಾಗಲೂರಿನಲ್ಲಿ ಮನೋವೈದ್ಯನಾದ ನನ್ನ ಬಳಿಗೆ ರೋಗಿಯನ್ನು ಕರೆತರುವ ಬಂಧುಗಳು, ರೋಗಿ ಕುಳಿತುಕೊಳ್ಳುವುದಕ್ಕೆ ಮೊದಲೇ ‘ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಸಾರ್’ ಎನ್ನುತ್ತಾರೆ. ತಾಯಿ ಹೇಳಿದ್ದಾಯಿತು, ಸೋದರಮಾವ ಹೇಳಿದ್ದಾಯಿತು, ದೇವರ ಮುಂದೆ ಆಣೆಯೂ ಆಯಿತು. ಬುದ್ಧಿಮಾತಿನಿಂದ ಗುಣವಾಗುವಂತಿದ್ದರೆ ಇವರಾರೂ ವೈದ್ಯನ ಬಾಗಿಲು ತಟ್ಟಬೇಕಾಗಿರಲಿಲ್ಲ.

ಬುದ್ಧಿ ಹೇಳಹೋಗುವ ತಪ್ಪನ್ನು ನಾನೂ ಮಾಡಿದ್ದೇನೆ. ವೃತ್ತಿಗೆ ಹೊಸಬನಾಗಿದ್ದಾಗ, ಜ್ವರದಿಂದ ವಾರ್ಡಿಗೆ ಸೇರಿದ್ದ, ದ್ರಾಕ್ಷಿ ಚಪ್ಪರದಲ್ಲಿ ದುಡಿಯುತ್ತಿದ್ದ ಒಬ್ಬನನ್ನು ಕುಡಿತದ ವಿಷಯವಾಗಿ ಹೆಂಡತಿಯ ಎದುರಿನಲ್ಲಿಯೇ ಕಟುವಾಗಿ ಗದರಿಸಿದೆ. ಅವನು ತಲೆ ತಗ್ಗಿಸಿ, ‘ಹಬ್ಬಕ್ಕೊಂದು ನೈಂಟಿ, ಅಷ್ಟೇ’ ಎಂದ. ದಿನಕ್ಕೆ ಎರಡು ಕ್ವಾರ್ಟರ್ ನಡೆಯುತ್ತಿತ್ತೆಂಬುದು ತಿಳಿದದ್ದು ಮೂರನೆಯ ರಾತ್ರಿ, ಮೈಯೆಲ್ಲ ಬೆವತು, ಕೈ ನಡುಗುತ್ತ, ಹೊದಿಕೆಯ ಮೇಲಿಂದ ಇಲ್ಲದ ಇರುವೆಗಳನ್ನು ಅವನು ಒಂದೊಂದಾಗಿ ಹೆಕ್ಕತೊಡಗಿದಾಗ.

ಹೀಗೇಕಾಯಿತೆಂಬುದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಮದ್ಯವು ಮಿದುಳನ್ನು ಮಂದಗೊಳಿಸುತ್ತದೆ. ಅದಕ್ಕೆ ವರ್ಷಗಟ್ಟಲೆ ಒಗ್ಗಿದ ಮಿದುಳು ತನ್ನ ಉದ್ರೇಕವನ್ನು ಏರಿಸಿಕೊಂಡೇ ಸಮತೋಲ ಕಾಯ್ದುಕೊಂಡಿರುತ್ತದೆ. ಮದ್ಯವು ಹಠಾತ್ತನೆ ನಿಂತಾಗ ಏರಿದ ಉದ್ರೇಕಕ್ಕೆ ತಡೆಯಿಲ್ಲದಂತಾಗಿ, ಸಾಮಾನ್ಯವಾಗಿ ನಾಲ್ಕು ದಿನಗಳೊಳಗೆ ಕೆಲವರಿಗೆ ಸೆಳವು, ಸನ್ನಿ, ಪ್ರಾಣಾಪಾಯವೂ ಒದಗಬಹುದು. ಕುಡಿತದ ಪ್ರಮಾಣ ಮೊದಲೇ ತಿಳಿದಿದ್ದರೆ ಉದ್ರೇಕವನ್ನು ತಗ್ಗಿಸುವ ಔಷಧವನ್ನೂ ಬಿ1 ಜೀವಸತ್ತ್ವವನ್ನೂ ಕೊಟ್ಟು ಬಹುಮಟ್ಟಿಗೆ ತಡೆಯಬಹುದು. ಆದ್ದರಿಂದಲೇ ಹೇಳುತ್ತೇನೆ: ಗದರಿಸಿದರೆ ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಔಷಧ ತಪ್ಪುತ್ತದೆ. ಅವನು ಬದುಕಿದ, ಆದರೆ ಅವನ ಬಾಯಿ ಕಟ್ಟಿದವನು ನಾನು.

‘ಹಾಗಾದರೆ ಹೆಂಡತಿಯನ್ನು ಹೊಡೆಯುವವನಿಗೂ ಏನೂ ಅನ್ನಬಾರದೆ?’ ಎಂದು ಕೆಲವರು ಕೇಳುತ್ತಾರೆ. ಹೊಡೆತ ಹೊಡೆತವೇ, ಅದನ್ನು ನಿಲ್ಲಿಸಬೇಕು, ಮೊದಲು ಆಕೆಯ ರಕ್ಷಣೆಯಾಗಬೇಕು. ಅದಕ್ಕಾಗಿ ಅವನನ್ನು ಹೀನಾಯವಾಗಿ ಕಾಣಬೇಕಾಗಿಲ್ಲ. ಇನ್ನು, ಜಾತಿ ಬಿಟ್ಟು ಮದುವೆಯಾಗುತ್ತೇನೆಂದ ಮಗಳನ್ನು ‘ತಲೆ ಕೆಟ್ಟಿದೆ’ ಎಂದು ಕರೆತರುವವರಿಗೆ ನನ್ನಲ್ಲಿ ತಾಳ್ಮೆಯಿಲ್ಲ. ಸಮಾಜದ ನೀತಿಗೋ ಮತವಿಶ್ವಾಸಕ್ಕೋ ಹೊಂದಿ ನಡೆಯಲಿಲ್ಲವೆಂಬ ಕಾರಣದಿಂದ ಯಾರನ್ನೂ ಮನೋರೋಗಿಯೆಂದು ನಿರ್ಣಯಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೆಯ ಪ್ರಕರಣವೇ ವಿಧಿಸಿದೆ. ಹೇಳಿಕೊಂಡ ಮಾತು ಹೊರಬೀಳುವುದೆಂಬ ಭಯಕ್ಕೂ ಅದರಲ್ಲಿ ಉತ್ತರವಿದೆ: ರೋಗಿಯ ಗೋಪ್ಯತೆಯ ಹಕ್ಕನ್ನು 23ನೆಯ ಪ್ರಕರಣ ಹೇಳುತ್ತದೆ.

ಸಮಯ ಮುಗಿಯುತ್ತ ಬಂದಿತು. ಸಲಹೆಗೆ ಉಳಿದಿರುವುದು ಒಂದೆರಡು ಮಾತು ಮಾತ್ರ. ಮುಖಾಮುಖಿ ಹೇಳಿಕೊಳ್ಳಲು ಸಂಕೋಚವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರು ಗದರಿಸಿದರೆ ಬೇರೆ ವೈದ್ಯರನ್ನು ಕಾಣಿರಿ. ಆದರೆ ಎಷ್ಟು ಕುಡಿಯುತ್ತೀರೆಂದು ಕೇಳಿದಾಗ, ದಯವಿಟ್ಟು, ಇದ್ದಷ್ಟನ್ನೂ ಹೇಳಿರಿ.