ಬೆಲೆ ಏರಿದಾಗಲೂ ಅಂಗಡಿ ಮುಚ್ಚುವುದೇಕೆ?

(ತಿಪಟೂರಿನಲ್ಲಿ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ತಿಪಟೂರಿನಲ್ಲಿ ನಿಂತು ಕೊಬ್ಬರಿಯ ಬಗ್ಗೆ ಮಾತನಾಡುವುದು ಧಾರ್ಷ್ಟ್ಯವೇ ಸರಿ. ಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾದು, ಅಲುಗಾಡಿಸಿದ ಸದ್ದಿನಿಂದಲೇ ಉಂಡೆ ಕೊಬ್ಬರಿಯ ಹದ ತಿಳಿಯುವವರು ನೀವು. ಆದ್ದರಿಂದ ತೋಟದ ಮಾತನ್ನು ನಾನು ಆಡುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ತೆಂಗನ್ನೇ ನಂಬಿರುವ ಪುಡಿ ಘಟಕ, ನಾರಿನ ಮಿಲ್ಲು, ಚಿಪ್ಪಿನ ವ್ಯಾಪಾರಗಳ ಕುರಿತು ಹೇಳುತ್ತೇನೆ.

2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ರೈತರು ಬೀದಿಗಿಳಿದರು, ಅದು ನ್ಯಾಯವೇ ಆಗಿತ್ತು. 2025ರಲ್ಲಿ ದರ 30 ಸಾವಿರ ದಾಟಿತು. ಆಗ ಎಲ್ಲರೂ ಸಂಭ್ರಮಿಸಿದರು. ಆದರೆ ಪುಡಿ ಘಟಕದವನ ಲೆಕ್ಕ ನೋಡಿ. ಬೆಂಬಲ ಬೆಲೆಯಲ್ಲಿ ಹತ್ತು ಕ್ವಿಂಟಾಲ್ ಕೊಳ್ಳಲು 1,17,500 ರೂಪಾಯಿ ಸಾಕಿತ್ತು. 2025ರಲ್ಲಿ ಅದೇ ಹತ್ತು ಕ್ವಿಂಟಾಲಿಗೆ ಮೂರು ಲಕ್ಷ ಬೇಕಾಯಿತು. ಯಂತ್ರ ಅದೇ, ಆಳು ಅವರೇ, ಗಿರಾಕಿಯೂ ಅವನೇ. ಬಂಡವಾಳ ಮಾತ್ರ ಸಾಲದು. ಕುಸಿತಕ್ಕೆ ಬೆಂಬಲ ಬೆಲೆಯಿದೆ, ಖರೀದಿ ಕೇಂದ್ರವಿದೆ. ಏರಿಕೆಯಲ್ಲಿ ಮುಳುಗುವವನಿಗೆ ಯಾವ ಸರಕಾರದ ಬಳಿ ಏನಿದೆ?

ಒಂದೇ ಸರಕನ್ನು ನಂಬದಿರುವುದು ಒಂದು ರಕ್ಷಣೆ. ಚಿಪ್ಪಿನ ಇದ್ದಿಲಿನಿಂದಾಗುವ ಇಂಗಾಲವು ನೀರಿನ ಶುದ್ಧೀಕರಣಕ್ಕೆ, ನಾರಿನ ಪುಡಿಯು ನರ್ಸರಿಗಳಿಗೆ ಹೋಗುತ್ತದೆ. ಅಲ್ಲಿನ ಗಿರಾಕಿಗಳು ಬೇರೆ. ಆದರೆ ಇದನ್ನೇ ಸರ್ವರೋಗ ಪರಿಹಾರವೆಂದು ನಂಬಬೇಡಿ. ಎಳನೀರಿಗೆಂದು ಕಿತ್ತ ಕಾಯಿ ಅಟ್ಟಕ್ಕೆ ಬರುವುದಿಲ್ಲ, ಅದರಿಂದ ಚಿಪ್ಪೂ ಸಿಗುವುದಿಲ್ಲ.

ಇನ್ನು ಬಾಕಿಯ ಮಾತು. ನಮ್ಮಲ್ಲಿ ಸಣ್ಣ ಉದ್ಯಮಗಳನ್ನು ನಷ್ಟಕ್ಕಿಂತಲೂ ಹೆಚ್ಚಾಗಿ ಬಾರದ ಬಾಕಿಯೇ ಕೊಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಅಲ್‌ಬಕರಾ ಅಧ್ಯಾಯದಲ್ಲಿ ಸವಿಸ್ತಾರವಾಗಿ ಆದೇಶಿಸುತ್ತದೆ. ನಾವೋ, ಬರೆಯಲು ಕೇಳಿದರೆ ಸ್ನೇಹ ಕೆಡುತ್ತದೆಂದು ಸುಮ್ಮನಾಗುತ್ತೇವೆ! 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಘಟಕದ ಸರಕು ಕೊಂಡವನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. 2020ರಿಂದ ಈ ನೋಂದಣಿ ‘ಉದ್ಯಮ್’ ಹೆಸರಿನಲ್ಲಿ ಉಚಿತವಾಗಿ ನಡೆಯುತ್ತಿದೆ. ಸರಕು ತಯಾರಿಸುವವರಿಗೆ ಈ ರಕ್ಷಣೆಯಿದೆ. ಬರೀ ಕೊಂಡು ಮಾರುವ ವರ್ತಕರಿಗೆ ಇಲ್ಲ. ಅವರಿಗೆ ತಮ್ಮ ಕೈಬರಹದ ಚೀಟಿಯೇ ಗತಿ.

ಕೊನೆಯದಾಗಿ, ಜಮಾಅತ್‌ಗಳ ಬಡ್ಡಿರಹಿತ ಸಾಲ ನಿಧಿಯ ಬಗ್ಗೆ. ಹೊಸ ಅಂಗಡಿ ತೆರೆಯುವವನಿಗೆ ನೆರವಾಗಲು ನಮಗೆ ಉತ್ಸಾಹ ಹೆಚ್ಚು, ಉದ್ಘಾಟನೆ ಇರುತ್ತದೆಯಲ್ಲ! ಹತ್ತು ವರ್ಷಗಳಿಂದ ನಡೆಯುತ್ತಿರುವ ಘಟಕಕ್ಕೆ ದರ ಏರಿದ ಮೂರು ತಿಂಗಳ ಮಟ್ಟಿಗೆ ಕೈಸಾಲ ಬೇಕಾದಾಗ ನಿಯಮ ಅಡ್ಡ ಬರುತ್ತದೆ. ನಿಧಿಯ ಒಂದು ಪಾಲನ್ನು ಅಂಥವರಿಗೆಂದೇ ತೆಗೆದಿಡಿ, ಚೀಟಿ ಬರೆಸಿಕೊಂಡು ಕೊಡಿ.