‘ನಾರ್ಮಲ್’ ಅಂದ ಮಾತ್ರಕ್ಕೆ ನೋವು ಸುಳ್ಳಾ?

ಇವತ್ತು ರಾಜಕೀಯ ಬೇಡ. ನಮ್ಮ ದೊಡ್ಡಮ್ಮನ ಕಥೆ ಹೇಳ್ತೀನಿ.

ಅವರಿಗೆ ಬಲಗೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು. ಕೆಲವೇ ಸೆಕೆಂಡು, ಆಮೇಲೆ ಮಾಯ. ಮುಖ ತೊಳೆದರೆ ಬರುತ್ತೆ, ಹಲ್ಲುಜ್ಜಿದರೆ ಬರುತ್ತೆ, ಫ್ಯಾನ್ ಗಾಳಿ ತಾಗಿದರೂ ಬರುತ್ತೆ. ಹಲ್ಲಿನದೇ ಇರಬೇಕು ಅಂತ ಒಂದಾದ ಮೇಲೊಂದು ಮೂರು ಹಲ್ಲು ಕೀಳಿಸಿದರು. ಹಲ್ಲು ಹೋಯ್ತು, ನೋವು ಹೋಗಲಿಲ್ಲ. ಆಮೇಲೆ ತಲೆಗೆ ಎಂಆರ್‌ಐ ಮಾಡಿಸಿದೆವು. ರಿಪೋರ್ಟ್ ‘ನಾರ್ಮಲ್’. ಅವತ್ತಿನಿಂದ ಮನೆಯಲ್ಲಿ ಒಂದೇ ಮಾತು: “ಏನೂ ಇಲ್ಲವಂತೆ, ಎಲ್ಲ ಮನಸ್ಸಿನದು.” ಹಾಗೆ ಅಂದವರಲ್ಲಿ ನಾನೂ ಒಬ್ಬ.

ಈ ಕಾಯಿಲೆಯ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. 2011ರಲ್ಲಿ ನಟ ಸಲ್ಮಾನ್ ಖಾನ್ ಇದಕ್ಕೇ ಅಮೆರಿಕದಲ್ಲಿ ಚಿಕಿತ್ಸೆ ಪಡೆದಾಗ ದೊಡ್ಡ ಸುದ್ದಿಯಾಗಿತ್ತು. ಮುಖದ ಸ್ಪರ್ಶವನ್ನು ಮೆದುಳಿಗೆ ಮುಟ್ಟಿಸುವ ನರ ಟ್ರೈಜೆಮಿನಲ್. ಹಣೆಗೊಂದು, ಕೆನ್ನೆಗೊಂದು, ಕೆಳದವಡೆಗೊಂದು, ಹೀಗೆ ಮೂರು ಕವಲು.

ನಾನು ಓದಿದ್ದು ಇಂಜಿನಿಯರಿಂಗ್. ನನಗೆ ಅರ್ಥವಾಗಿದ್ದು ಹೀಗೆ. ವೈರಿಗೆ ಇನ್ಸುಲೇಷನ್ ಇರುವ ಹಾಗೆ ನರಕ್ಕೆ ಮೈಲಿನ್ ಎಂಬ ಹೊದಿಕೆ ಇರುತ್ತೆ. ಹೆಚ್ಚಿನ ರೋಗಿಗಳಲ್ಲಿ, ನರ ಮೆದುಳಿನ ಬುಡದಿಂದ ಹೊರಡುವ ಜಾಗದಲ್ಲಿ ರಕ್ತನಾಳವೊಂದು ಅದನ್ನು ಒತ್ತುತ್ತಿರುತ್ತೆ. ಹೃದಯ ಬಡಿದಾಗಲೆಲ್ಲ ಒಂದು ತಾಕು. ಹೊದಿಕೆ ಸವೆಯುತ್ತೆ. ಆಮೇಲೆ ಶಾರ್ಟ್ ಸರ್ಕ್ಯೂಟ್.

ಹಾಗಾದರೆ ಎಂಆರ್‌ಐನಲ್ಲಿ ಯಾಕೆ ಕಾಣಲಿಲ್ಲ? ನೋಡಿ, ಮಾಮೂಲಿ ಸ್ಕ್ಯಾನ್ ಮೆದುಳನ್ನು ಸುಮಾರು 5 ಮಿಲಿಮೀಟರ್ ದಪ್ಪದ ಹೋಳುಗಳಾಗಿ ತೋರಿಸುತ್ತೆ. ನರದ ದಪ್ಪವೇ ಕೆಲವು ಮಿಲಿಮೀಟರ್, ಒತ್ತುವ ರಕ್ತನಾಳ ಇನ್ನೂ ಸಣ್ಣದು. ಸುಲಭವಾಗಿ ತಪ್ಪಿಸಿಕೊಳ್ಳುತ್ತೆ. ಇದಕ್ಕೆ ಬೇರೆಯೇ ಕ್ರಮ ಇದೆ. ಕೆಲವು ಯಂತ್ರಗಳಲ್ಲಿ ಸಿಸ್, ಕೆಲವದರಲ್ಲಿ ಫಿಯೆಸ್ಟಾ ಅಂತ ಹೆಸರು. 1 ಮಿಲಿಮೀಟರಿಗಿಂತ ತೆಳು ಹೋಳು. ಮೆದುಳಿನ ಸುತ್ತಲಿನ ದ್ರವ ಬೆಳ್ಳಗೆ, ಅದರ ನಡುವೆ ನರ, ರಕ್ತನಾಳ ಕಪ್ಪು ಗೆರೆಗಳಾಗಿ ಕಾಣುತ್ತವೆ. ಗಡ್ಡೆಯಿಂದಲೂ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದಲೂ ಇದೇ ನೋವು ಬರಬಹುದು. ಅದನ್ನು ನೋಡುವುದಕ್ಕೂ ಸ್ಕ್ಯಾನ್ ಬೇಕು.

ಇನ್ನೊಂದು ವಿಷಯ. ನೋವೇ ಇಲ್ಲದವರಲ್ಲೂ ರಕ್ತನಾಳ ನರಕ್ಕೆ ತಾಗಿರುವುದುಂಟು. ಅದಕ್ಕೇ ಕಾಯಿಲೆಯನ್ನು ಗುರುತಿಸುವುದು ರೋಗಿಯ ಮಾತಿನಿಂದ. ಸ್ಕ್ಯಾನ್ ಹುಡುಕುವುದು ಕಾರಣವನ್ನು. ನಾವು ಮಾಡಿದ್ದು ಉಲ್ಟಾ. ರಿಪೋರ್ಟ್ ನಂಬಿದೆವು, ದೊಡ್ಡಮ್ಮನನ್ನು ನಂಬಲಿಲ್ಲ.

ಕೊನೆಗೆ ಒಬ್ಬ ನರರೋಗ ತಜ್ಞೆ ಅವರ ಮಾತನ್ನು ಪೂರ್ತಿ ಕೇಳಿದರು. ಕಾರ್ಬಮಜೆಪೈನ್ ಮಾತ್ರೆ ಕೊಟ್ಟರು, ಸರಿಯಾದ ಸ್ಕ್ಯಾನ್ ಬರೆದರು. ಒತ್ತುತ್ತಿದ್ದ ರಕ್ತನಾಳ ಅದರಲ್ಲಿ ಕಂಡಿತು. ಮಾತ್ರೆಗೆ ಬಗ್ಗದಿದ್ದರೆ ನರಕ್ಕೂ ರಕ್ತನಾಳಕ್ಕೂ ನಡುವೆ ಟೆಫ್ಲಾನ್ ತುಣುಕು ಇಡುವ ಆಪರೇಷನ್ ಇದೆ. ದೊಡ್ಡಮ್ಮನಿಗೆ ಸದ್ಯಕ್ಕೆ ಮಾತ್ರೆಯೇ ಸಾಕಾಗಿದೆ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ನರಳುತ್ತಿದ್ದರೆ, ಇನ್ನೊಂದು ಹಲ್ಲು ಕೀಳಿಸುವ ಮುಂಚೆ ನರರೋಗ ತಜ್ಞರನ್ನು ಕಾಣಿ. ಸ್ಕ್ಯಾನ್ ಚೀಟಿಯಲ್ಲಿ ಯಾವ ನೋವು, ಯಾವ ಕಡೆ ಅಂತ ಸ್ಪಷ್ಟವಾಗಿ ಬರೆಸಿ. ಬರೀ ‘ತಲೆನೋವು’ ಅಂತ ಬರೆದರೆ ಹುಡುಕುವವರು ಎಲ್ಲಿ ಅಂತ ಹುಡುಕಬೇಕು?

ದೊಡ್ಡಮ್ಮನ ಹತ್ತಿರ ಕ್ಷಮೆ ಕೇಳಿದೆ. “ಹೋಗ್ಲಿ ಬಿಡೋ, ಆದ್ರೆ ಆ ಮೂರು ಹಲ್ಲು ಯಾರು ವಾಪಸ್ ಕೊಡ್ತಾರೆ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.